ಸರ್ವಿಸ್ ಸೆಂಟರ್‌ನವರು ಹೇಳಿದ್ದೆಲ್ಲ ಮಾಡಿಸಲೇಬೇಕಾ? ಕಾರಿಗೆ ಬೇಕಾದ್ದು ಯಾವುದು, ಬೇಡದ್ದು ಯಾವುದು ಅಂತ ತಿಳಿಯೋದು ಹೀಗೆ

ಕಾರು ಸರ್ವಿಸ್‌ಗೆ ಬಿಟ್ಟು ಒಂದೆರಡು ಗಂಟೆ ಆಗಿರುತ್ತದೆ, ಫೋನ್ ಬರುತ್ತದೆ. "ಸರ್, ಇಂಜೆಕ್ಟರ್ ಕ್ಲೀನಿಂಗ್ ಡ್ಯೂ ಇದೆ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದ್ರೆ ಒಳ್ಳೇದು, ಎ.ಸಿ. ಟ್ರೀಟ್‌ಮೆಂಟ್ ಇದೆ, ಬ್ರೇಕ್ ಆಯಿಲ್ ಕೂಡ ಚೇಂಜ್ ಮಾಡ್ಬೇಕು, ಮಾಡ್ಲಾ ಸರ್?" ಕೆಲವರು ಎಲ್ಲಕ್ಕೂ ಹೂಂ ಅನ್ನುತ್ತಾರೆ. ಮೊದಲೇ ಕೈ ಸುಟ್ಟುಕೊಂಡವರು ಎಲ್ಲಕ್ಕೂ ಬೇಡ ಅನ್ನುತ್ತಾರೆ.

ನನಗೆ ಹೆಚ್ಚು ಭಯ ಆಗೋದು ಎರಡನೆಯವರನ್ನು ಕಂಡರೆ. ಯಾಕೆಂದರೆ ಆ ನಾಲ್ಕರಲ್ಲಿ ಬ್ರೇಕ್ ಆಯಿಲ್ ನಿಜಕ್ಕೂ ಬದಲಿಸಬೇಕಾದದ್ದೇ ಆಗಿರಬಹುದು. ಬೇಡದ ಮೂರರ ಜೊತೆ ಸೇರಿಸಿ ಹೇಳಿದ್ದಕ್ಕೆ ಅದೂ ಸುಮ್ನೆ ದುಡ್ಡು ಕೀಳುವ ಕೆಲಸ ಅನ್ನಿಸಿಬಿಡುತ್ತದೆ. ಬೇಡದ ಕೆಲಸಕ್ಕೆ ಹೋದ ದುಡ್ಡನ್ನು ಮತ್ತೆ ದುಡಿಯಬಹುದು, ಘಾಟಿಯಲ್ಲಿ ಬ್ರೇಕ್ ಹಿಡಿಯದಿದ್ದರೆ ಏನು ಮಾಡೋದು? ಅದಕ್ಕೇ ಬಿಲ್ ಕಡಿಮೆ ಮಾಡುವ ಉಪಾಯ ಅಂತ ಇದನ್ನು ಓದಬೇಡಿ. ಸ್ಪ್ರೇ, ಪಾಲಿಶ್‌ಗಳಿಗೆ ಹೋಗುವ ದುಡ್ಡನ್ನು ಬ್ರೇಕು, ಟೈರು, ಆಯಿಲ್ ಕಡೆ ತಿರುಗಿಸುವುದು ಹೇಗೆ ಅಂತ ಓದಿ. ನಾನು ಹೇಳುತ್ತಿರುವುದು ನಮ್ಮ ರಸ್ತೆಯಲ್ಲಿ ಓಡುವ ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳ ಬಗ್ಗೆ. ಎಲೆಕ್ಟ್ರಿಕ್ ಕಾರಿನ ಲೆಕ್ಕವೇ ಬೇರೆ.

ಮೊದಲು ಗ್ಲವ್ ಬಾಕ್ಸ್‌ನಲ್ಲಿರುವ ಪುಸ್ತಕ ತೆಗೆಯಿರಿ

ಓನರ್ಸ್ ಮ್ಯಾನುವಲ್ ಅಂತ ಒಂದು ಪುಸ್ತಕ ಕಾರಿನ ಜೊತೆ ಕೊಟ್ಟಿರುತ್ತಾರೆ. ಬಹಳ ಜನ ಅದರ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರುವುದಿಲ್ಲ. ಅದರ ಕೊನೆಯ ಕಡೆ, ಇಲ್ಲವೇ ಬೇರೆ ಸಣ್ಣ ಸರ್ವಿಸ್ ಪುಸ್ತಕದಲ್ಲಿ, ಒಂದು ಕೋಷ್ಟಕ ಇರುತ್ತದೆ. ಎಡಗಡೆ ಎಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ), ಬ್ರೇಕ್ ಆಯಿಲ್ ಹೀಗೆ ಸಾಲು. ಮೇಲ್ಗಡೆ ಕಿಲೋಮೀಟರ್ ಮತ್ತು ತಿಂಗಳು. ಒಳಗೆ ಒಂದೊಂದು ಅಕ್ಷರ: ಬದಲಿಸಿ, ಪರೀಕ್ಷಿಸಿ, ಸ್ವಚ್ಛ ಮಾಡಿ ಅಂತ. ಆ ಕಾರು ಮಾಡಿದ ಎಂಜಿನಿಯರ್‌ಗಳು ಹೇಳಿದ ಮಾತು ಇದು. ಸರ್ವಿಸ್ ಸೆಂಟರ್ ಗೋಡೆ ಮೇಲಿನ ಪ್ಯಾಕೇಜ್ ಪಟ್ಟಿ ಆ ಡೀಲರ್ ಹೇಳಿದ ಮಾತು. ಎರಡರಲ್ಲಿ ವ್ಯತ್ಯಾಸ ಕಂಡರೆ ಪುಸ್ತಕದ ಮಾತೇ ಮೇಲು.

ಆ ಪುಟದ ಫೋಟೋ ತೆಗೆದು ಫೋನಲ್ಲಿ ಇಟ್ಟುಕೊಳ್ಳಿ. ಪುಸ್ತಕ ಕಳೆದುಹೋಗಿದ್ದರೆ ಹೆಚ್ಚಿನ ಕಂಪನಿಗಳ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಿಮ್ಮದೇ ಮಾಡೆಲ್, ನಿಮ್ಮದೇ ವರ್ಷ, ನಿಮ್ಮದೇ ಎಂಜಿನ್ನಿನದು ಇಳಿಸಿಕೊಳ್ಳಿ. ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲ್‌ಗೂ ಡೀಸೆಲ್‌ಗೂ ಲೆಕ್ಕ ಬೇರೆ ಇರುತ್ತದೆ.

ಕೋಷ್ಟಕ ಓದುವಾಗ ಎರಡು ವಿಷಯ ನೋಡಿ. ಒಂದು, "ಯಾವುದು ಮೊದಲೋ ಅದು" ಅನ್ನುವ ಸಾಲು. 10,000 ಕಿ.ಮೀ. ಅಥವಾ 1 ವರ್ಷ ಅಂತಿದ್ದರೆ, ವರ್ಷಕ್ಕೆ 4,000 ಕಿ.ಮೀ. ಮಾತ್ರ ಓಡಿಸುವವರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಓಡದ ಕಾರಿನಲ್ಲೂ ಆಯಿಲ್ ಹಾಳಾಗುತ್ತದೆ. ದಿನಾ ಎರಡು ಕಿಲೋಮೀಟರ್ ದೂರದ ಮಾರ್ಕೆಟ್ಟಿಗೆ ಹೋಗಿ ಬರುವ ಕಾರಿನ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ, ಒಳಗೆ ಕಟ್ಟಿದ ತೇವ ಆವಿಯಾಗಿ ಹೊರಗೆ ಹೋಗದೆ ಆಯಿಲ್ ಜೊತೆಯೇ ಉಳಿದುಬಿಡುತ್ತದೆ.

ಇನ್ನೊಂದು, ಕಷ್ಟದ ಬಳಕೆ ಅಂತ ಬೇರೆ ಪುಟ ಇರುತ್ತದೆ. ದೂಳು, ನಿಂತು ನಿಂತು ಓಡುವ ಟ್ರಾಫಿಕ್, ಬರೀ ಸಣ್ಣ ದೂರದ ಓಡಾಟ, ಭಾರ ಎಳೆಯುವುದು, ಇಂಥವಕ್ಕೆ ಅವಧಿ ಕಡಿಮೆ ಇರುತ್ತದೆ. ನಮ್ಮಲ್ಲಿ ಬಹಳಷ್ಟು ಕಾರುಗಳು ನಿಜಕ್ಕೂ ಈ ಪುಟಕ್ಕೆ ಸೇರಿದವು. ಲೆಕ್ಕ ಹಾಕಿ ನೋಡಿ: ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸರಾಸರಿ ಗಂಟೆಗೆ 20 ಕಿ.ಮೀ. ಅಂತಿಟ್ಟುಕೊಂಡರೆ 10,000 ಕಿ.ಮೀ.ಗೆ ಎಂಜಿನ್ 500 ಗಂಟೆ ಓಡಿರುತ್ತದೆ. ಅದೇ ದೂರ ಹೈವೇಯಲ್ಲಿ 70ರ ಸರಾಸರಿಯಲ್ಲಿ ಓಡಿದರೆ ಸುಮಾರು 143 ಗಂಟೆ ಅಷ್ಟೇ. ಮೀಟರ್ ತೋರಿಸುವ ಕಿಲೋಮೀಟರ್ ಒಂದೇ, ಆಯಿಲ್ ಪಟ್ಟ ಕಷ್ಟ ಮೂರು ಪಟ್ಟಿಗೂ ಜಾಸ್ತಿ. ಸಂಡೂರು, ಬಳ್ಳಾರಿ ಕಡೆಯ ಗಣಿ ದೂಳಿನಲ್ಲಿ ಓಡುವ ಕಾರಿಗೆ ಏರ್ ಫಿಲ್ಟರ್ ಬೇಗ ಬೇಕು ಅಂತ ಮೆಕ್ಯಾನಿಕ್ ಹೇಳಿದರೆ ಅದು ಮೋಸ ಅಲ್ಲ.

ಕಾರು ಬಿಡುವ ಹಿಂದಿನ ದಿನ ಮನೆಯಲ್ಲೇ ನೋಡಿಕೊಳ್ಳಿ

ಇದಕ್ಕೆ ಮೆಕ್ಯಾನಿಕ್ ಆಗಬೇಕಿಲ್ಲ. ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ತಣ್ಣಗಿರಲಿ.

ಬಾನೆಟ್ ತೆಗೆದು, ಆಯಿಲ್ ಮಟ್ಟ ಅಳೆಯುವ ಕಡ್ಡಿ ಅಂದರೆ ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಹಾಕಿ ನೋಡಿ, ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಬಣ್ಣ ಕಪ್ಪಾಗಿದೆ ಅಂತ ಗಾಬರಿ ಬೇಡ. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ, ಕಪ್ಪಾಗುವುದು ಅಂದರೆ ಮಸಿಯನ್ನು ಹಿಡಿದಿಟ್ಟುಕೊಂಡು ತನ್ನ ಕೆಲಸ ಮಾಡುತ್ತಿದೆ ಅಂತ. "ನೋಡಿ ಸರ್, ಎಷ್ಟು ಕಪ್ಪಾಗಿದೆ" ಅಂತ ಬೆರಳಿಗೆ ಹಚ್ಚಿ ತೋರಿಸುವುದು ಆಯಿಲ್ ಬದಲಿಸಲು ಕಾರಣ ಆಗುವುದಿಲ್ಲ. ಕಾಫಿಗೆ ಹಾಲು ಬೆರೆಸಿದಂತೆ ಕಂಡರೆ ಮಾತ್ರ ತಕ್ಷಣ ತೋರಿಸಿ, ಆಯಿಲ್‌ಗೆ ನೀರು ಸೇರುತ್ತಿರಬಹುದು.

ಕೂಲೆಂಟ್ ಡಬ್ಬಿ, ಬ್ರೇಕ್ ಆಯಿಲ್ ಡಬ್ಬಿ ಎರಡೂ ಹೊರಗಿನಿಂದಲೇ ಕಾಣುತ್ತವೆ, ಮಟ್ಟ ನೋಡಿ. ಬಿಸಿ ಎಂಜಿನ್ನಿನಲ್ಲಿ ಕೂಲೆಂಟ್ ಮುಚ್ಚಳ ತೆಗೆಯಲೇಬೇಡಿ. ಬ್ರೇಕ್ ಆಯಿಲ್ ಮಟ್ಟ ಇಳಿದಿದ್ದರೆ ಸುಮ್ನೆ ತುಂಬಿಸಿ ಬಿಡಬಾರದು. ಬ್ರೇಕ್ ಪ್ಯಾಡ್ ಸವೆದಾಗ ಮಟ್ಟ ತಾನಾಗಿ ಇಳಿಯುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿರುತ್ತದೆ. ಯಾಕೆ ಇಳಿಯಿತು ಅಂತ ನೋಡಲು ಹೇಳಿ.

ಟೈರು ನೋಡಿ. ಗ್ರೂವ್‌ಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ. ಟೈರಿನ ಮೇಲ್ಮೈ ಸವೆದು ಆ ಉಬ್ಬಿನ ಸಮಕ್ಕೆ ಬಂದಿದ್ದರೆ 1.6 ಮಿಲಿಮೀಟರ್ ಮಾತ್ರ ಉಳಿದಿದೆ ಅಂತ, ಬದಲಿಸಲೇಬೇಕು. ಮಲೆನಾಡಿನ ಮಳೆಯಲ್ಲಿ ಓಡಿಸುವವರು ಅಲ್ಲಿಯವರೆಗೂ ಕಾಯಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2321 ಅಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಗ್ರೂವ್ ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಆ ಟೈರಿನ ಆಯಸ್ಸು ಮುಗಿದಿದೆ. ಒಂದು ಅಂಚು ಮಾತ್ರ ಜಾಸ್ತಿ ಸವೆದಿದ್ದರೆ ಚಕ್ರಗಳ ಕೋನ ಸರಿ ಮಾಡುವ ವ್ಹೀಲ್ ಅಲೈನ್‌ಮೆಂಟ್ ನಿಜಕ್ಕೂ ಬೇಕು.

ಎ.ಸಿ. ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ, ಉಪಕರಣ ಏನೂ ಬೇಡ, ಕೈಯಲ್ಲೇ ಬರುತ್ತದೆ. ತೆಗೆದು ನೋಡಿ ಫೋಟೋ ಹೊಡೆದುಕೊಳ್ಳಿ. ಮೀಟರ್ ರೀಡಿಂಗಿನ ಫೋಟೋ, ಹಳೇ ಬಿಲ್‌ಗಳ ಫೋಟೋ ಕೂಡ ಇರಲಿ. ಕಳೆದ ವರ್ಷವೇ ಬದಲಿಸಿದ ಬ್ರೇಕ್ ಆಯಿಲ್ ಈ ವರ್ಷ ಮತ್ತೆ ಪಟ್ಟಿಯಲ್ಲಿ ಬಂದರೆ ಬಿಲ್ ನೋಡಿದ ಕೂಡಲೇ ಗೊತ್ತಾಗುತ್ತದೆ.

ಜಾಬ್ ಕಾರ್ಡ್ ಓದದೆ ಸಹಿ ಹಾಕಬೇಡಿ

ಕಾರಿಗೆ ಯಾವ್ಯಾವ ಕೆಲಸ ಮಾಡಬೇಕು ಅಂತ ಬರೆದ ಪಟ್ಟಿಯೇ ಜಾಬ್ ಕಾರ್ಡ್. ಬೆಳಗ್ಗೆ ಆಫೀಸಿಗೆ ತಡವಾಗುತ್ತಿದೆ ಅಂತ ಟ್ಯಾಬ್ ಮೇಲೆ ಬೆರಳಿನಿಂದ ಗೀಚಿ ಹೋಗುತ್ತೇವೆ ಅಲ್ವಾ, ಬೇಡದ ಕೆಲಸಗಳು ಒಳಗೆ ಬರುವುದು ಅಲ್ಲೇ. ಅನೇಕ ಕಡೆ ಸರ್ವಿಸ್ ಅಡ್ವೈಸರ್‌ಗಳಿಗೆ ತಿಂಗಳಿಗೆ ಇಷ್ಟು ಹೆಚ್ಚುವರಿ ಕೆಲಸ ಮಾರಬೇಕು ಅಂತ ಟಾರ್ಗೆಟ್ ಇರುತ್ತದೆ. ಆ ಹುಡುಗರ ಮೇಲೆ ಸಿಟ್ಟಾಗಿ ಪ್ರಯೋಜನ ಇಲ್ಲ, ಅವರ ಕೆಲಸ ಅದರ ಮೇಲೆ ನಿಂತಿದೆ. ಮರ್ಯಾದೆಯಿಂದ ಮಾತಾಡಿ, ಆದರೆ ಪಟ್ಟಿಯನ್ನು ಒಂದೊಂದಾಗಿ ಓದಿ. ಅಂಡರ್‌ಬಾಡಿ ಕೋಟಿಂಗ್ (ಕಾರಿನ ತಳಕ್ಕೆ ತುಕ್ಕು ಹಿಡಿಯದಂತೆ ಬಳಿಯುವ ಲೇಪ), ಎಂಜಿನ್ ಡ್ರೆಸ್ಸಿಂಗ್ (ಎಂಜಿನ್ ಹೊರಗೆ ಹೊಳಪು ಕೊಡುವ ಸ್ಪ್ರೇ), ಇಂಟೀರಿಯರ್ ಕ್ಲೀನಿಂಗ್ ಮೊದಲೇ ತುಂಬಿದ್ದರೆ ಅಲ್ಲೇ ತೆಗೆಸಿ.

ಜಾಬ್ ಕಾರ್ಡಿನಲ್ಲಿ ಎರಡು ಮಾತು ಬರೆಸಿ. ನನ್ನನ್ನು ಕೇಳದೆ ಹೆಚ್ಚುವರಿ ಕೆಲಸ ಮಾಡಬಾರದು. ಬದಲಿಸಿದ ಹಳೇ ಭಾಗಗಳನ್ನು ಕಾರಿನಲ್ಲೇ ಇಟ್ಟು ಕೊಡಬೇಕು. ವಾರಂಟಿಯಲ್ಲಿ ಬದಲಿಸಿದ ಭಾಗ ಮತ್ತು ಹಳೇ ಬ್ಯಾಟರಿ ವಿನಿಮಯ ಬಿಟ್ಟರೆ ಉಳಿದದ್ದು ನಿಮ್ಮದೇ ವಸ್ತು.

ಫ್ರೀ ಸರ್ವಿಸ್ ಅಂದರೆ ಕೂಲಿ ಮಾತ್ರ ಫ್ರೀ, ಆಯಿಲ್, ಫಿಲ್ಟರ್‌ಗೆ ದುಡ್ಡು ಕೊಡಬೇಕು. ಮೊದಲ 1,000 ಕಿ.ಮೀ. ಸರ್ವಿಸ್‌ನಲ್ಲಿ ಹೆಚ್ಚಿನ ಕಾರುಗಳಿಗೆ ಬರೀ ಪರೀಕ್ಷೆ ಇರುತ್ತದೆ. ಅದಕ್ಕೇ ದೊಡ್ಡ ಮೊತ್ತದ ಎಸ್ಟಿಮೇಟ್ ಬಂದರೆ ಪುಸ್ತಕ ತೆಗೆದು ಹೋಲಿಸಿ.

ಫೋನ್ ಬಂದಾಗ ಕೇಳಬೇಕಾದ ಪ್ರಶ್ನೆಗಳು

ಯಾವ ಕೆಲಸ ಹೇಳಿದರೂ ಮೊದಲು ಕೇಳಿ: ಇದು ಮ್ಯಾನುವಲ್‌ನಲ್ಲಿ ಈ ಕಿಲೋಮೀಟರ್‌ಗೆ ಇದೆಯಾ? ಇದ್ದರೆ ಮಾತೇ ಇಲ್ಲ, ಮಾಡಿಸಿ.

ಇಲ್ಲದಿದ್ದರೆ, ಏನನ್ನು ಅಳೆದು ನೋಡಿದಿರಿ? ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ, ಬ್ಯಾಟರಿ ಲೋಡ್ ಟೆಸ್ಟ್ (ಭಾರ ಹೊರಿಸಿ ಬ್ಯಾಟರಿಯ ಶಕ್ತಿ ನೋಡುವ ಪರೀಕ್ಷೆ) ಏನು ಬಂತು, ಸ್ಕ್ಯಾನರ್‌ನಲ್ಲಿ ಯಾವ ಕೋಡ್ ಬಂತು? ಫೋಟೋ, ವಿಡಿಯೋ ವಾಟ್ಸಾಪ್ ಮಾಡಿ ಅನ್ನಿ. ಪ್ರಾಮಾಣಿಕವಾಗಿ ಕೆಲಸ ಮಾಡುವವರು ಖುಷಿಯಿಂದ ಕಳಿಸುತ್ತಾರೆ. "ಎಲ್ಲರೂ ಮಾಡಿಸ್ತಾರೆ ಸರ್", "ಮೈಲೇಜ್ ಜಾಸ್ತಿ ಆಗುತ್ತೆ", "ಸ್ಮೂತ್ ಆಗುತ್ತೆ" ಅನ್ನುವುದು ಅಳತೆ ಅಲ್ಲ.

ಆಮೇಲೆ ಇದನ್ನೂ ಕೇಳಿ: ಇನ್ನು ಮೂರು ತಿಂಗಳು ಬಿಟ್ಟು ಮಾಡಿಸಿದರೆ ಏನಾಗುತ್ತದೆ? ಬ್ರೇಕ್, ಸ್ಟೀರಿಂಗ್, ಟೈರ್, ಎಂಜಿನ್ ಬಿಸಿಯಾಗುವುದು, ಇವುಗಳ ವಿಷಯದಲ್ಲಿ ಉತ್ತರ ಭಯ ಹುಟ್ಟಿಸುವಂತಿದ್ದರೆ ನಂಬಿ, ಬೇಕಿದ್ದರೆ ಅದೇ ದಿನ ಇನ್ನೊಬ್ಬರಿಗೆ ತೋರಿಸಿ. "ಏನೂ ಆಗಲ್ಲ, ಆದ್ರೂ ಮಾಡ್ಸಿದ್ರೆ ಒಳ್ಳೇದು" ಅಂದರೆ ಮುಂದಿನ ಸಲ ನೋಡೋಣ ಅನ್ನಿ.

ಮುಂದೂಡಬಾರದ ಕೆಲಸಗಳು

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಬಗ್ಗೆ ಚೌಕಾಸಿ ಬೇಡ. ಪುಸ್ತಕದಲ್ಲಿರುವ ಗ್ರೇಡನ್ನೇ ಹಾಕಿಸಿ. 0ಡಬ್ಲ್ಯೂ-16 ಅನ್ನುವ ತೆಳು ಆಯಿಲ್ ಹೇಳಿರುವ ಎಂಜಿನ್‌ಗೆ "ದಪ್ಪ ಆಯಿಲ್ ಒಳ್ಳೇದು" ಅಂತ 20ಡಬ್ಲ್ಯೂ-50 ಸುರಿದರೆ ಒಳ್ಳೆಯದಾಗುವುದಿಲ್ಲ. ಎಷ್ಟು ಲೀಟರ್ ಹಿಡಿಯುತ್ತದೆ ಅಂತಲೂ ಅಲ್ಲೇ ಬರೆದಿರುತ್ತದೆ, ಬಿಲ್ಲಿನ ಲೀಟರ್ ಜೊತೆ ಹೋಲಿಸಿ. ಬಿಎಸ್6 ಅನ್ನುವ ಹೊಗೆ ನಿಯಮದ ಡೀಸೆಲ್ ಕಾರು, ಅಂದರೆ 2020ರ ಏಪ್ರಿಲ್ ನಂತರದ್ದು ಇಟ್ಟುಕೊಂಡಿರುವವರು ಇನ್ನೂ ಹುಷಾರಾಗಿರಬೇಕು. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಬೇರೆ ಆಯಿಲ್ ಹಾಕಿದರೆ ಡಿಪಿಎಫ್ ಬೇಗ ಕಟ್ಟಿಕೊಳ್ಳುತ್ತದೆ. ಅದನ್ನು ಬದಲಿಸುವ ಖರ್ಚು ಕೇಳಿದರೆ ಎದೆ ಧಸಕ್ ಅನ್ನುತ್ತದೆ.

ಬ್ರೇಕ್ ಆಯಿಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಹಳ ಜನ ಬೇಡ ಅನ್ನುವುದು ಇದಕ್ಕೇ. ಡಬ್ಬಿಯಲ್ಲಿ ತುಂಬಾ ಇದೆ, ನೋಡಲು ಚೆನ್ನಾಗಿದೆ, ಯಾಕೆ ಬದಲಿಸಬೇಕು ಅಂತ ಕೇಳುತ್ತಾರೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ಅದರ ಗುಣವೇ ಹಾಗೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ಸುಮಾರು 3.7 ಶೇಕಡಾ ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಊರೊಳಗೆ ಓಡಾಡುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಐದು ಜನ, ಲಗೇಜ್ ತುಂಬಿಕೊಂಡು ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಒತ್ತುತ್ತೀರಿ, ಆಯಿಲ್ ಕುದಿಯುತ್ತದೆ, ಗುಳ್ಳೆಗಳಾಗುತ್ತವೆ, ಗುಳ್ಳೆ ಅಮುಕಿದರೆ ಕುಗ್ಗುತ್ತದೆ, ಪೆಡಲ್ ಮೆತ್ತಗೆ ಒಳಗೆ ಹೋಗಿ ಕಾರು ನಿಲ್ಲುವುದಿಲ್ಲ. ಹೆಚ್ಚಿನ ಕಂಪನಿಗಳು ಎರಡು ವರ್ಷದ ಆಸುಪಾಸಿನ ಅವಧಿ ಹೇಳುತ್ತವೆ. ದಯವಿಟ್ಟು ಮಾಡಿಸಿ. ಇಳಿಜಾರಿನಲ್ಲಿ ಗೇರ್ ಕೆಳಗಿಳಿಸಿ ಎಂಜಿನ್ ಹಿಡಿತದಲ್ಲೇ ಇಳಿಯುವ ಅಭ್ಯಾಸವೂ ಇರಲಿ.

ಬ್ರೇಕ್ ಪ್ಯಾಡ್ ಹೊಸದಾಗಿದ್ದಾಗ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ, 3ಕ್ಕೆ ಬಂದರೆ ಬದಲಿಸುವ ಹೊತ್ತು. 6 ಉಳಿದಿರುವಾಗಲೇ ಬದಲಿಸಿ ಅಂದರೆ ಮುಂದಿನ ಸರ್ವಿಸ್‌ಗೆ ನೋಡೋಣ ಅನ್ನಬಹುದು.

ವಾಲ್ವ್ ಮತ್ತು ಪಿಸ್ಟನ್‌ಗಳ ಓಟವನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಬದಲಿಸುವ ಅವಧಿಯನ್ನು ದಾಟಿಸಲೇಬೇಡಿ. ಕೆಲವು ಎಂಜಿನ್‌ಗಳಲ್ಲಿ ಚೈನ್ ಇರುತ್ತದೆ, ಉದಾಹರಣೆಗೆ ಹಳೇ ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಎಂಜಿನ್. ರೆನೋ ಡಸ್ಟರ್‌ನ 1.5 ಡೀಸೆಲ್, ಫೋಕ್ಸ್‌ವ್ಯಾಗನ್ ಪೋಲೋದ 1.5 ಡೀಸೆಲ್ ಇವುಗಳಲ್ಲಿ ಬೆಲ್ಟ್. ಬೆಲ್ಟ್ ಮುನ್ಸೂಚನೆ ಕೊಡದೆ ತುಂಡಾಗಬಹುದು. ಆಗ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಬದಲಿಸುವಾಗ ಬೆಲ್ಟ್ ಬಿಗಿಯಾಗಿಡುವ ಟೆನ್ಷನರ್ ಸೇರಿ ಪೂರ್ತಿ ಕಿಟ್ ಹಾಕಿಸಿ. ಎಂಜಿನ್‌ನಲ್ಲಿ ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತಿದ್ದರೆ ಅದನ್ನೂ ಜೊತೆಗೇ ಮಾಡಿಸುವುದು ಜಾಣತನ, ಇಲ್ಲದಿದ್ದರೆ ಅಷ್ಟೂ ಕೂಲಿಯನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ.

ಕೂಲೆಂಟ್ ಅವಧಿ ಕಾರಿನಿಂದ ಕಾರಿಗೆ ತುಂಬಾ ಬದಲಾಗುತ್ತದೆ. ಈಗಿನ ಬಹಳಷ್ಟು ಕಾರುಗಳಲ್ಲಿ ಲಾಂಗ್ ಲೈಫ್ ಕೂಲೆಂಟ್ ಇರುತ್ತದೆ, ವರ್ಷ ವರ್ಷ ಬದಲಿಸಬೇಕಿಲ್ಲ. ನಲ್ಲಿ ನೀರು ಸೇರಿಸಬೇಡಿ, ಎರಡು ಬಗೆ ಬೆರೆಸಬೇಡಿ.

ನೋಡಿ ನಿರ್ಧಾರ ಮಾಡಬೇಕಾದ್ದು

ಸ್ಪಾರ್ಕ್ ಪ್ಲಗ್ ಸಾಮಾನ್ಯದ್ದಾದರೆ ಸುಮಾರು 40,000 ಕಿ.ಮೀ., ಇರಿಡಿಯಂ ಆದರೆ 80,000 ದಾಟಿಯೂ ಬರುತ್ತದೆ. ಯಾವುದು ಹಾಕಿದ್ದಾರೆ ಅಂತ ಗೊತ್ತಿಲ್ಲದೆ ಬದಲಿಸಬೇಡಿ.

ಬ್ಯಾಟರಿ ಮೂರು ವರ್ಷ ಆಯಿತು ಅನ್ನುವುದೇ ಬದಲಿಸಲು ಕಾರಣ ಅಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗ್ಗೆ ಸುಮಾರು 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ, 12.2 ಅಂದರೆ ಅರ್ಧ. ಇದರ ಜೊತೆಗೆ ಲೋಡ್ ಟೆಸ್ಟ್ ಬೇಕು, ಬ್ಯಾಟರಿ ಅಂಗಡಿಯವರು ಮಾಡಿಕೊಡುತ್ತಾರೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ಅದನ್ನು ಸ್ವಚ್ಛ ಮಾಡಿಸಿ. ಸ್ಟಾರ್ಟಿಂಗ್ ತೊಂದರೆ ಅಷ್ಟಕ್ಕೇ ಹೋಗುವುದೂ ಉಂಟು.

ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದರೆ ಮುಂಚಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ. ಎಲ್ಲಾ ಅಂಕಿಯೂ ಮೊದಲೇ ಸರಿಯಾಗಿದ್ದರೆ ಮುಂದಿನ ಸಲ ಇಷ್ಟು ಬೇಗ ಬೇಡ ಅಂತ ನಿಮಗೇ ತಿಳಿಯುತ್ತದೆ. ಕಾರು ಒಂದು ಕಡೆ ಎಳೆಯುತ್ತಿದ್ದರೆ, ದೊಡ್ಡ ಗುಂಡಿಗೆ ಬಿದ್ದಿದ್ದರೆ ಮಾಡಿಸಿ.

ಎ.ಸಿ. ಗ್ಯಾಸ್ ವರ್ಷಕ್ಕೊಮ್ಮೆ ತುಂಬಿಸುವ ವಸ್ತು ಅಲ್ಲ. ಅದು ಮುಚ್ಚಿದ ಪೈಪುಗಳೊಳಗೇ ಸುತ್ತುತ್ತದೆ, ಪೆಟ್ರೋಲ್‌ನಂತೆ ಖರ್ಚಾಗುವುದಿಲ್ಲ. ತಂಪು ಕಡಿಮೆಯಾದರೆ ಮೊದಲು ಎ.ಸಿ. ಫಿಲ್ಟರ್, ಆಮೇಲೆ ಕಾರಿನ ಮುಂಭಾಗದಲ್ಲಿರುವ ಕಂಡೆನ್ಸರ್ (ಎ.ಸಿ. ಗ್ಯಾಸ್ ತಣ್ಣಗಾಗುವ ಜಾಲರಿ) ಮೇಲೆ ಕೂತ ದೂಳು ನೋಡಿಸಿ. ಗ್ಯಾಸ್ ನಿಜಕ್ಕೂ ಕಡಿಮೆ ಇದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಲೀಕ್ ಹುಡುಕದೆ ಬರೀ ತುಂಬಿಸಿದರೆ ಅದೇ ದುಡ್ಡು ಮತ್ತೆ ಮತ್ತೆ ಹೋಗುತ್ತದೆ.

ಅಂಡರ್‌ಬಾಡಿ ಕೋಟಿಂಗ್: ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಲ್ಲುವ ಕಾರಿಗೆ ಅರ್ಥ ಇದೆ, ಕೆಳಗೆ ಚೆನ್ನಾಗಿ ತೊಳೆದು ಒಣಗಿಸಿ ಮಾಡಿದರೆ ಮಾತ್ರ. ತುಕ್ಕಿನ ಮೇಲೇ ಬಳಿದರೆ ತುಕ್ಕು ಒಳಗೇ ಬೆಳೆಯುತ್ತದೆ. ತುಮಕೂರಿನ ಒಣಹವೆಯಲ್ಲಿರುವ ಹೊಸ ಕಾರಿಗೆ ನಾನು ಮಾಡಿಸುವುದಿಲ್ಲ.

ಸಾಮಾನ್ಯವಾಗಿ ಬೇಡ ಅನ್ನಬಹುದಾದ್ದು

ಎಂಜಿನ್ ಫ್ಲಶ್ (ಎಂಜಿನ್ ಒಳಗೆ ದ್ರವ ಹಾಕಿ ತೊಳೆಯುವುದು), ಆಯಿಲ್‌ಗೆ ಹಾಕುವ ಬಾಟಲಿಗಳು, ಎಂಜಿನ್ ಡ್ರೆಸ್ಸಿಂಗ್, ಸೈಲೆನ್ಸರ್ ಕೋಟಿಂಗ್. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್‌ಗೆ ಇವು ಯಾವುದೂ ಬೇಡ. ನೈಟ್ರೋಜನ್ ಗಾಳಿಯೂ ಅಷ್ಟೇ, ಸಾಮಾನ್ಯ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ. ಹದಿನೈದು ದಿನಕ್ಕೊಮ್ಮೆ ಪ್ರೆಷರ್ ನೋಡಿಸಿದರೆ ಸಾಕು.

ಇಂಜೆಕ್ಟರ್ (ಇಂಧನ ಚಿಮ್ಮಿಸುವ ಭಾಗ) ಕ್ಲೀನಿಂಗ್, ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಭಾಗ) ಕ್ಲೀನಿಂಗ್, ಡಿಕಾರ್ಬನೈಸಿಂಗ್ (ಎಂಜಿನ್ ಒಳಗೆ ಕಟ್ಟಿದ ಕಾರ್ಬನ್ ತೆಗೆಯುವುದು) ಇವು ಸುಳ್ಳು ಕೆಲಸಗಳಲ್ಲ, ತೊಂದರೆ ಇದ್ದಾಗ ಮಾಡುವ ಕೆಲಸಗಳು. ಐಡ್ಲಿಂಗ್ ನಡುಗುವುದು, ಪಿಕಪ್ ಇಳಿಯುವುದು, ಚೆಕ್ ಎಂಜಿನ್ ದೀಪ ಹತ್ತುವುದು, ಹೀಗೆ ಏನಾದರೂ ಇದ್ದರೆ ಮೊದಲು ಸ್ಕ್ಯಾನ್ ಮಾಡಿಸಿ, ಆಮೇಲೆ ನಿರ್ಧಾರ. ಸಾಮಾನ್ಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಪೆಟ್ರೋಲ್ ವಾಲ್ವ್ ಮೇಲೇ ಬಿದ್ದು ತೊಳೆಯುತ್ತಾ ಹೋಗುತ್ತದೆ. ನೇರ ಸಿಲಿಂಡರ್ ಒಳಗೆ ಚಿಮ್ಮಿಸುವ ಟರ್ಬೋ ಪೆಟ್ರೋಲ್ ಎಂಜಿನ್‌ಗಳಲ್ಲಿ ಆ ತೊಳೆಯುವಿಕೆ ಇಲ್ಲ, ಅಲ್ಲಿ ವರ್ಷಗಳ ಮೇಲೆ ಕಾರ್ಬನ್ ಕಟ್ಟುವುದು ನಿಜ. ನಿಮ್ಮದು ಯಾವ ಬಗೆ ಅಂತ ತಿಳಿದಿರಲಿ. 20,000 ಕಿ.ಮೀ. ಓಡಿದ ಸಾಮಾನ್ಯ ಪೆಟ್ರೋಲ್ ಕಾರಿಗೆ ಏನೂ ತೊಂದರೆ ಇಲ್ಲದೆ ಡಿಕಾರ್ಬನೈಸಿಂಗ್ ಹೇಳಿದರೆ ಬೇಡ ಅನ್ನಿ.

ಹೊರಗಿನ ಗ್ಯಾರೇಜ್, ವಾರಂಟಿ, ಬಿಲ್

ಅನುಮಾನ ಬಂದರೆ ಎಸ್ಟಿಮೇಟ್ ತೆಗೆದುಕೊಂಡು ಒಳ್ಳೆಯ ಗ್ಯಾರೇಜಿನಲ್ಲಿ ತೋರಿಸಿ, ನೋಡಿದ್ದಕ್ಕೆ ಅವರಿಗೂ ದುಡ್ಡು ಕೊಡಿ. ಬಿಡಿಭಾಗದ ಬೆಲೆ ಪೊಟ್ಟಣದ ಮೇಲೇ ಇರುತ್ತದೆ, ಬೆಂಗಳೂರಿನವರು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಹಳೇ ಬಿಲ್ ಜೊತೆ ಹೋಲಿಸುವಾಗ ಒಂದು ನೆನಪಿರಲಿ: 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 18 ಶೇಕಡಾ. ಮುಂಚೆ ಹೆಚ್ಚಿನವುಗಳ ಮೇಲೆ 28 ಇತ್ತು.

ಹೊರಗೆ ಸರ್ವಿಸ್ ಮಾಡಿಸಿದರೆ ವಾರಂಟಿ ಪೂರ್ತಿ ಹೋಗುತ್ತದೆ ಅಂತ ಹೆದರಿಸುವುದು ಹಳೇ ರೂಢಿ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿದಾಗ, ಹಾಗೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವ ಷರತ್ತು ಇಡಬಾರದು ಅಂತಲೂ ಹೇಳಿತ್ತು. ಆಮೇಲೆ ಪ್ರಕರಣ ಮೇಲ್ಮನವಿಗೆ ಹೋಯಿತು. ಆದರೂ ನನ್ನ ಸಲಹೆ ಏನೆಂದರೆ ವಾರಂಟಿ ಇರುವಷ್ಟು ದಿನ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲೇ ಪುಸ್ತಕದ ಕೆಲಸ ಮಾತ್ರ ಮಾಡಿಸಿ, ಹೆಚ್ಚುವರಿಗೆ ಬೇಡ ಅನ್ನಿ. ಬೇಡ ಅಂದದ್ದಕ್ಕೆ ವಾರಂಟಿ ಹೋಗುತ್ತದೆ ಅಂದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ.

ಕೇಳದೆ ಮಾಡಿದ ಕೆಲಸಕ್ಕೆ ಬಿಲ್ ಹಾಕಿದರೆ ಮೊದಲು ಮ್ಯಾನೇಜರ್, ಆಮೇಲೆ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಸಾಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕ ಇಲ್ಲ. ಜಾಬ್ ಕಾರ್ಡಿನಲ್ಲಿ ಬರೆಸಿದ ಆ ಎರಡು ಮಾತು, ವಾಟ್ಸಾಪ್ ಮೆಸೇಜ್‌ಗಳು ಇಲ್ಲಿ ಸಾಕ್ಷಿಗೆ ಬರುತ್ತವೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರೆ

ಇವರಿಗೆ ಮೇಲಿನ ಲೆಕ್ಕ ಸ್ವಲ್ಪ ತಿರುಗುಮುರುಗು. ಹಿಂದಿನ ಬಿಲ್‌ಗಳು ಸಿಗದಿದ್ದರೆ ಮೊದಲ ಸಲ ಖರ್ಚು ಜಾಸ್ತಿ ಆಗುತ್ತದೆ, ಅದನ್ನು ಕಾರಿನ ಬೆಲೆಯಲ್ಲೇ ಸೇರಿಸಿ ಯೋಚಿಸಿ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್, ಫಿಲ್ಟರ್‌ಗಳನ್ನು ಒಮ್ಮೆ ಬದಲಿಸಿ ಆ ದಿನದ ಮೀಟರ್ ರೀಡಿಂಗ್ ಬರೆದಿಟ್ಟುಕೊಳ್ಳಿ, ಅಲ್ಲಿಂದ ಹೊಸ ಲೆಕ್ಕ ಶುರು. ಟೈಮಿಂಗ್ ಬೆಲ್ಟ್ ಇರುವ ಕಾರಾದರೆ "ಮೊನ್ನೆ ತಾನೇ ಹಾಕ್ಸಿದೀನಿ" ಅನ್ನುವ ಮಾತು ಸಾಲದು. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಿಡಿದು, ದೂರದ ಪ್ರಯಾಣಕ್ಕೆ ಹೊರಡುವ ಮುಂಚೆ ಬದಲಿಸಿಬಿಡಿ.